ಕಣ್ಣೀರಿಗೊಂದು ಅಳತೆಪಟ್ಟಿ

ಕಣ್ಣೀರು ಅಳೆಯುವವಳನ್ನು ಯಾರೂ ನಂಬುವುದಿಲ್ಲ. ಇಷ್ಟು ವರ್ಷ ಅಳೆದು ನಾನೂ ಯಾರನ್ನೂ ನಂಬುವುದಿಲ್ಲ. ಕೋಲಾರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಗೆರೆ ಹಾಕಿದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಕಣ್ಣು ಮುಚ್ಚಿಸಿ, ಐದು ನಿಮಿಷ ಕೂರಿಸುತ್ತೇನೆ. ಪಟ್ಟಿ ಹತ್ತು ಮಿಲಿಮೀಟರ್ ದಾಟಿ ನೆನೆದರೆ ಚಿಂತೆಯಿಲ್ಲ. ಐದರೊಳಗೇ ನಿಂತರೆ ಕಣ್ಣು ಒಣಗಿದೆ ಎಂದರ್ಥ. ಇಷ್ಟಕ್ಕೂ ದಿನಕ್ಕೊಂದು ತಕರಾರು.

ಶಿಲ್ಪಿಯ ಸ್ಕೇಲು

ಶಿವಾರಪಟ್ಟಣದಿಂದ ವಿಗ್ರಹ ಕೆತ್ತುವವರೊಬ್ಬರು ಬಂದಿದ್ದರು. ಕಲ್ಲಿನ ಧೂಳಿಗೆ ಕಣ್ಣು ಕೆಂಪು. ಪಟ್ಟಿ ತೆಗೆದು "ನಾಲ್ಕು" ಎಂದೆ.

"ಕೊಡಿ ಇಲ್ಲಿ" ಎಂದು ಜೇಬಿನಿಂದ ತಮ್ಮದೇ ಉಕ್ಕಿನ ಸ್ಕೇಲು ತೆಗೆದು ಅಳೆದರು. ನಾಲ್ಕೇ. ಆದರೂ ಸಮಾಧಾನವಿಲ್ಲ.

"ಎಷ್ಟೋ ದೇವರಿಗೆ ಕಣ್ಣು ತೆರೆಸಿದೀನಿ ಮೇಡಂ. ಒಂದು ದೇವರಿಗೂ ಕಾಗದ ಇಟ್ಟಿಲ್ಲ."

"ಯಾವ ದೇವರೂ ಕಣ್ಣು ಉರಿ ಅಂತ ವಾಪಸ್ ಬಂದಿಲ್ವಲ್ಲ" ಎಂದೆ.

ಹೊರಡುವ ಮುಂಚೆ ಡ್ರಾಪ್ಸ್ ಬಾಟಲಿಯನ್ನೂ ಅಳೆದುಕೊಂಡೇ ಹೋದರು.

ಅಳದ ಸೊಸೆ

ಶ್ರೀನಿವಾಸಪುರದ ಕಡೆಯ ಅತ್ತೆ, ಸೊಸೆ. ಸೊಸೆಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಇಡೀ ಶಿಫ್ಟ್ ಎ.ಸಿ.ಯಲ್ಲಿ ಕೂತು, ರೆಪ್ಪೆ ಮಿಟುಕಿಸದೆ ಸಣ್ಣ ಭಾಗಗಳನ್ನು ಜೋಡಿಸಬೇಕು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ನಮ್ಮ ಯಜಮಾನರು ಹೋದಾಗ ಇವಳು ಬಾಯಿ ಬಡ್ಕೊಂಡಿದ್ದೇ ಬಂತು, ಒಂದು ಹನಿ ನೀರು ಹಾಕ್ಲಿಲ್ಲಮ್ಮ. ನಾಟಕ ಅಂತ ನೆಂಟರೆಲ್ಲ ಆಡ್ಕೊಂಡ್ರು. ಹನ್ನೊಂದು ತಿಂಗಳಾಯ್ತು, ಇವಳ ಹತ್ರ ನಾನು ಮಾತು ಬಿಟ್ಟು. ನಿಜ ಏನು ಅಂತ ನಿನ್ನ ಕಾಗದಾನೇ ಹೇಳ್ಲಿ."

ಸೊಸೆಗೆ ಅದು ಕೇಳಿಸಿತು. "ಬಸ್ಸಿಳಿದ್ರೆ ಮಾವ ನಂಗೋಸ್ಕರ ನಿಂತಿರೋರು ಮೇಡಂ. ಎಷ್ಟು ಅತ್ರೂ ಬರೀ ಉರಿ, ನೀರೇ ಬರ್ಲಿಲ್ಲ" ಎಂದಳು. ಅವಳ ರೆಪ್ಪೆಗೆ ಪಟ್ಟಿ ಸಿಕ್ಕಿಸಿದೆ.

ಪಟ್ಟಿ ಎರಡಕ್ಕೆ ನಿಂತಿತು. ಡಾಕ್ಟರೂ ನೋಡಿ ಕಣ್ಣು ಒಣಗಿದೆ ಎಂದರು. ಅತ್ತೆ ಮಾತ್ರ ಪಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಕಾಗದ ಹಳೇದೇನೋ. ನಂಗೂ ಹಾಕು, ನೋಡೋಣ" ಎಂದರು.

ಸೆರಗಿನ ತುದಿ

ಐದು ನಿಮಿಷಕ್ಕೆ ಅತ್ತೆಯ ಪಟ್ಟಿ ತುದಿಯವರೆಗೂ ಒದ್ದೆ. "ನೋಡಮ್ಮ!" ಎಂದು ಬೀಗಿದರು. ಈ ವಯಸ್ಸಿಗೆ ಇಷ್ಟು ನೀರೇ? ನನಗೆ ಗುಮಾನಿ. ಕೆಳಗೆ ನೋಡಿದರೆ ಸೆರಗಿನ ತುದಿ ತೊಟ್ಟಿಕ್ಕುತ್ತಿದೆ, ಪಕ್ಕದ ನೀರಿನ ಬಾಟಲಿಗೆ ಮುಚ್ಚಳವಿಲ್ಲ. ಮುಖ ಒರೆಸಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಹೊಸ ಪಟ್ಟಿ ಹಾಕಿ, ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ.

ಒಂದೇ ಮಿಲಿಮೀಟರ್.

ಅತ್ತೆ ಸೊಸೆಯ ಕೈ ಹಿಡಿದುಕೊಂಡರು. "ಅವತ್ತೂ ಹಿಂಗೇ ಕಣೇ. ನಲವತ್ತು ವರ್ಷ ಬಾಳಿದ ಗಂಡ, ನನ್ನ ಕಣ್ಣಲ್ಲಿ ಒಂದು ಹನಿ ಇಲ್ಲ. ಚೊಂಬಿನ ನೀರಲ್ಲಿ ಸೆರಗು ಅದ್ದಿ ಒರೆಸ್ಕೊಂಡೆ. ಎಲ್ಲರೂ ನಿನ್ನೇ ನೋಡ್ತಿದ್ರೆ ನನ್ನ ಯಾರೂ ನೋಡಲ್ಲ ಅಂದ್ಕೊಂಡೆ."

ಇಬ್ಬರೂ ತಬ್ಬಿಕೊಂಡು ಜೋರಾಗಿ ಅತ್ತರು. ಇಬ್ಬರಿಗೂ ನೀರಿಲ್ಲ, ಬಂದದ್ದು ನನಗೊಬ್ಬಳಿಗೇ.

ಡ್ರಾಪ್ಸ್ ಚೀಟಿ ಕೈಗೆ ಬಂದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಇನ್ನೆರಡು ಬಾಟ್ಲಿ ಜಾಸ್ತಿ ಬರ್ಸಮ್ಮ. ಬರೋ ತಿಂಗಳು ವರ್ಷದ ಕಾರ್ಯ, ನೆಂಟರೆಲ್ಲ ಬರ್ತಾರೆ. ಈ ಸಲ ಇಬ್ರೂ ಸೇರಿ ಅಳ್ತೀವಿ!"