ಹಣ್ಣಾದ ಹುಳ ಮತ್ತು ನನ್ನ ಹಡಗು

ನಾನು ಯಾರಿಗೂ ‘ಇಲ್ಲ’ ಎಂದವನಲ್ಲ. ಬೇಕಾದರೆ ಮಡಕಶಿರದಲ್ಲಿ ಯಾರನ್ನಾದರೂ ಕೇಳಿ. ‘ನೋಡೋಣ’ ಎನ್ನುತ್ತೇನೆ. ಎದುರಿಗಿರುವವರು ತೆಲುಗಿನವರಾದರೆ ‘ಚೂದ್ದಾಂ’ ಎನ್ನುತ್ತೇನೆ. ಎರಡು ಭಾಷೆ ಬಲ್ಲವನಿಗೆ ಒಂದೇ ಕೆಲಸವನ್ನು ಎರಡು ಸಲ ಮುಂದೂಡುವ ಅನುಕೂಲವಿದೆ. ಕನ್ನಡ ಮೇಷ್ಟ್ರ ಕೆಲಸವನ್ನೂ ಸಂಸಾರವನ್ನೂ ನಾನು ಈ ಎರಡು ಪದಗಳ ಮೇಲೆಯೇ ಸಾಗಿಸಿಕೊಂಡು ಬಂದಿದ್ದೇನೆ.

ನನ್ನ ಹೆಂಡತಿ ಗಿರಿಜೆಯ ತವರು ರೊಳ್ಳ. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳು. ಹನ್ನೊಂದು ವರ್ಷದ ಹಿಂದೆ, “ಹಿಂದಿನ ರೂಮು ಖಾಲಿ ಮಾಡ್ಕೊಡ್ರಿ, ನಾನೇ ಒಂದು ಬೆಳೆ ಹುಳ ಸಾಕ್ತೀನಿ” ಎಂದಳು. ನೋಡೋಣ ಎಂದೆ. ಪರೀಕ್ಷೆ ಮುಗಿಯಲಿ ಎಂದೆ, ದಸರಾ ಕಳೆಯಲಿ ಎಂದೆ. ಆ ರೂಮಿನಲ್ಲಿ ನನ್ನ ಕವಿತೆಗಳು, ನನ್ನ ಕವಿತೆ ಅಚ್ಚಾದ ಪತ್ರಿಕೆಗಳು ಮತ್ತು ಅಚ್ಚಾಗದೆ ವಾಪಸು ಬಂದ ಲಕೋಟೆಗಳಿದ್ದವು. ಮೂರನೆಯ ರಾಶಿ ದೊಡ್ಡದು. ಅವಳು ತವರಿನಿಂದ ತಂದ ಚಂದ್ರಿಕೆ, ಅಂದರೆ ಹುಳ ಗೂಡು ಕಟ್ಟಲು ಬಿಡುವ ಸುರುಳಿ ಪಟ್ಟಿಯ ಬಿದಿರು ತಟ್ಟಿ, ಅಲ್ಲೇ ಗೋಡೆಗೆ ಒರಗಿತ್ತು. ಆ ಸುರುಳಿಗಳ ಸಂದಿಯಲ್ಲಿ ನಾನು ಕವಿಗೋಷ್ಠಿಗಳ ಆಹ್ವಾನ ಪತ್ರಿಕೆ ಸಿಕ್ಕಿಸಿಡುತ್ತಿದ್ದೆ. ಅಷ್ಟು ಒಳ್ಳೆಯ ಸ್ಟ್ಯಾಂಡು ಅಂಗಡಿಯಲ್ಲಿ ಸಿಗುವುದಿಲ್ಲ. ಹಿತ್ತಲಿನಾಚೆ ಅವಳು ನೆಟ್ಟ ಹಿಪ್ಪುನೇರಳೆ ಮಾತ್ರ ಯಾರ ಪರೀಕ್ಷೆಗೂ ಕಾಯದೆ ಬೆಳೆಯುತ್ತಿತ್ತು. ಪಕ್ಕದ ಮನೆಯ ಮೇಕೆಗಳಿಗೆ ಒಳ್ಳೆಯ ಮೈ ಬಂತು.

ಹೀಗಿರುವಾಗ ರಾಯದುರ್ಗದ ಕವಿಗೋಷ್ಠಿಗೆ ಕರೆ ಬಂತು. ವಿಷಯ, ‘ಮುಂದೂಡಿದ ಕನಸುಗಳು’. ಇದಕ್ಕಂತೂ ನನ್ನಷ್ಟು ಅರ್ಹರಿಲ್ಲ ಎನಿಸಿತು. ನಾನು ಮಕ್ಕಳಿಗೆ ವರ್ಷವರ್ಷ ಹೇಳುವ ಮಾತೊಂದಿದೆ: ನೋವಾಯಿತು ಎಂದು ಬರೆದರೆ ಅದು ವರದಿ, ನೋವನ್ನು ಕಣ್ಣಿಗೆ ಕಾಣಿಸಿದರೆ ಅದು ಪ್ರತಿಮೆ. ಅದರಂತೆ ನಾನೂ ದಡ ಕಾಣದ ಹಡಗು, ಮರುಭೂಮಿ, ಮೋಡದಲ್ಲಿ ಸಿಕ್ಕಿದ ಚಂದ್ರ ಎಲ್ಲವನ್ನೂ ಹಾಕಿ ಬರೆದೆ. ಕಡಲೆಕಾಯಿ ಸುಲಿಯುತ್ತ ಕೂತಿದ್ದ ಗಿರಿಜೆಗೆ ಓದಿದೆ.

“ಹಡಗು ಯಾವಾಗ್ ನೋಡಿದ್ರಿ?” ಎಂದಳು.

“ಪ್ರತಿಮೆಗೆ ನೋಡಿರಲೇಬೇಕು ಅಂತಿಲ್ಲ ಕಣೆ.”

“ಮತ್ತೆ ನೋವು ಎಲ್ಲಿಂದ ಬರ್ತದೆ?” ಎಂದು ಇನ್ನೊಂದು ಕಾಯಿ ಒಡೆದಳು. “ನಮ್ ಹುಳ ನೋಡ್ರಿ. ಮೇವು ಬಿಟ್ಟು ನೂಲು ಬಿಡೋಕೆ ಹಣ್ಣಾದ ದಿನವೇ ಚಂದ್ರಿಕೆಗೆ ಬಿಡ್ಬೇಕು. ನಾಳೆ ಬಿಡಣ ಅಂತ ಕುಂತ್ರೆ ಅದು ಕಾಯಲ್ಲ. ಸೊಪ್ಪಿನ ಮೇಲೆ, ಕಡ್ಡಿ ಮೇಲೆ, ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಖಾಲಿಯಾಗ್ತದೆ. ನೂಲಿರಲಿಲ್ಲ ಅಂತಲ್ಲ, ಗೂಡಾಗಲಿಲ್ಲ ಅಷ್ಟೆ.”

ನಾನು ಪೆನ್ನು ಹುಡುಕಿದೆ. ಆ ಮಾತನ್ನು ಹಾಗೆಯೇ ಕವಿತೆಯ ಕೊನೆಗೆ ಸೇರಿಸಿದೆ. ಹಡಗನ್ನೂ ಬಿಡಲಿಲ್ಲ, ಕಷ್ಟಪಟ್ಟು ತಂದದ್ದಲ್ಲವೇ?

ರಾಯದುರ್ಗದಲ್ಲಿ ಹಡಗು ಬಂದಾಗ ಜನ ಮೊಬೈಲು ನೋಡುತ್ತಿದ್ದರು. ಹುಳ ಬಂದಾಗ ಮೊಬೈಲುಗಳು ಜೇಬಿಗೆ ಹೋದವು. ಶಾಲು ಹೊದಿಸಿದ ಮೇಲೆ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮಾಸ್ತರರು ನನ್ನ ಕೈ ಹಿಡಿದುಕೊಂಡರು. “ಆ ಹಡಗ ಬಿಡ್ರಿ ಮೇಷ್ಟ್ರ. ಹುಳದ ಮಾತು ಎದಿಗೆ ನಾಟಿತು ನೋಡ್ರಿ. ಸುಮ್ನ ಬರೂ ಸಾಲಲ್ಲ ಅದು. ಯಾರ ಕನಸ್ರೀ?”

“ಕವಿಯ ಕನಸು” ಎಂದೆ.

“ಅಂದ್ರ ನಿಮ್ದ. ಏನಿತ್ರಿ ಅದು? ಯಾಕ ನಿಂತುಹೋತು?”

ಯಾಕೆ ನಿಂತುಹೋಯಿತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನೀರು ಕುಡಿದೆ, ಶಾಲಿನಿಂದ ಬೆವರು ಒರೆಸಿಕೊಂಡೆ. ಅವರು ನನ್ನ ಬೆನ್ನು ಸವರಿ, “ಅಳಬ್ಯಾಡ್ರಿ” ಎಂದರು. ಮಡಕಶಿರಕ್ಕೆ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ನನಗೆ ನಾಚಿಕೆಯಾಯಿತು. ಅವಳ ಹನ್ನೊಂದು ವರ್ಷವನ್ನು ನಾನು ಹೆಗಲ ಮೇಲೆ ಹೊದ್ದುಕೊಂಡು ಬರುತ್ತಿದ್ದೆ.

“ಹುಳದ ಮಾತು ಓದಿದ್ರಾ?” ಎಂದಳು ಗಿರಿಜೆ.

“ಅದಕ್ಕೇ ಶಾಲು ಸಿಕ್ತು.”

“ಯಾರ ಮಾತು ಅಂತ ಹೇಳಿದ್ರಾ?”

ನಾನು ಶಾಲು ಮಡಿಸತೊಡಗಿದೆ. ಅವಳು ತಟ್ಟೆಯಿಟ್ಟು ಬಡಿಸಿದಳು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಭಾನುವಾರ ರೂಮು ಖಾಲಿ ಮಾಡಲು ನಾನೇ ಹೋದೆ. ಮೊದಲು ಕೈಗೆ ಬಂದ ಪತ್ರಿಕೆಯಲ್ಲಿ ನನ್ನ ಫೋಟೋ ಇತ್ತು, ಕೂದಲೂ ಇತ್ತು. ಓದುತ್ತ ಕೂತವನಿಗೆ ಮಧ್ಯಾಹ್ನವಾದದ್ದು ತಿಳಿಯಲಿಲ್ಲ. ಗಿರಿಜೆ ಬಂದು ಚಂದ್ರಿಕೆಯಿಂದ ಆಹ್ವಾನ ಪತ್ರಿಕೆಗಳನ್ನು ಒಂದೊಂದಾಗಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಚಂದ್ರಿಕೆ ತೊಳೆದು ಬಿಸಿಲಿಗೆ ಇಟ್ಟಳು. ಸಂಜೆಯ ಹೊತ್ತಿಗೆ ನನ್ನ ಸಾಹಿತ್ಯವೆಲ್ಲ ಜಗಲಿಗೆ ಬಂದಿತ್ತು, ರೂಮಿಗೆ ಸುಣ್ಣವಾಗಿತ್ತು.

ಮರಿಹುಳ ಬಂದವು. ನನ್ನ ತಲೆಯೆಣ್ಣೆಯ ವಾಸನೆ ಹುಳಕ್ಕೆ ಆಗದೆಂದು ನನಗೆ ಒಳಗೆ ಪ್ರವೇಶವಿರಲಿಲ್ಲ. ಬಾಗಿಲಿಗೆ ಸೊಪ್ಪು ತಂದುಕೊಡುವುದು ನನ್ನ ಪಾಲು. ಮೇಕೆಗಳು ಬೇಲಿಯಾಚೆಯಿಂದ ನನ್ನನ್ನು ದ್ರೋಹಿಯಂತೆ ನೋಡುತ್ತಿದ್ದವು. ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. “ಹಣ್ಣಾಗವೆ ಕಣ್ರಿ!” ಎಂದು ಗಿರಿಜೆ ಒಳಗಿನಿಂದ ಕೂಗಿದಳು. “ಸಂಜೆ ಬಂದು...” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ರಜೆ ಹೇಳಿ, ತಲೆಗೆ ಸೀಗೆಪುಡಿ ಹಾಕಿ ತೊಳೆದುಕೊಂಡು ಒಳಗೆ ಹೋದೆ. ಹುಳಗಳ ಮೈ ಬೆಳಕು ಹಾಯುವಷ್ಟು ತಿಳಿಯಾಗಿತ್ತು. ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಗಿರಿಜೆ ಯಾವಾಗಲೋ ಹಾಡು ಗುನುಗತೊಡಗಿದ್ದಳು. ಅವಳಿಗೆ ಹಾಡು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೂರು ದಿನದಲ್ಲಿ ಸುರುಳಿಯ ತುಂಬ ಹಳದಿ ಗೂಡು. ಇಷ್ಟು ಸಂತೋಷದಲ್ಲಿದ್ದಾಳೆ, ಇದೇ ಸಮಯವೆಂದು ಮೆಲ್ಲಗೆ ಕೇಳಿದೆ. “ಜಗಲಿಯಲ್ಲಿ ಗಾಳಿಗೆ ಹಾಳೆ ಹಾರುತ್ತವೆ ಗಿರಿಜಾ. ಗೂಡು ಬಿಡಿಸಿದ ಮೇಲೆ ರೂಮಿನ ಒಂದು ಮೂಲೆ ನನಗೆ ಬರೆಯೋಕೆ ಕೊಡ್ತೀಯಾ?”

ಅವಳು ಇಲ್ಲ ಎನ್ನಲಿಲ್ಲ. ಗೂಡಿನಿಂದ ಕಣ್ಣೆತ್ತದೆ, ಬಹಳ ಪ್ರೀತಿಯಿಂದಲೇ ಹೇಳಿದಳು:

“ಚೂದ್ದಾಂ.”