ಪರೀಕ್ಷಕರ ಮೊಣಕಾಲು

ಇಂಗ್ಲಿಷ್ ಕಲಿಸೋನಿಗೆ ಬಿ.ಪಿ. ಏರೋದು ಮಾಮೂಲು. ಚಿತ್ರದುರ್ಗದಲ್ಲಿ ಕಲಿಸಿದರೆ ಅದು ನಕ್ಕು ನಕ್ಕೇ ಇಳಿದೂ ಹೋಗುತ್ತೆ. ಹೊರದೇಶಕ್ಕೆ ಹೋಗೋರಿಗೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಸೋದು ನನ್ನ ಕಸುಬು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಬಸ್ಸು ಬಂದಮೇಲೇ ನಮ್ಮ ಕ್ಲಾಸು ಶುರು.

ಈ ಸಲ ಯಲ್ಲದಕೆರೆಯಿಂದ ಒಬ್ಬ ನರ್ಸಮ್ಮ ಬರುತ್ತಿದ್ದಳು, ಕುರಿ ಸಾಕೋರ ಮನೆ ಸೊಸೆ. ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಗಟ್ಟಿಯಾಗಿತ್ತು. ಆದರೆ ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಆ ಕೆಲಸ ಬೇರೆಯವರ ಪಾಲು.

೧. ಇಬ್ಬರೂ ಹಿರೇರೇ

"ಮಕ್ಕಳ ಕೈಗೆ ಮೊಬೈಲ್ ಕೊಡಬಾರದು ಅಂತ ಕೆಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?" ಅಂತ ಪ್ರಬಂಧ ಕೊಟ್ಟೆ. ಹೊಳಲ್ಕೆರೆಯ ವೆಲ್ಡರ್ ಒಬ್ಬ, "ಹೌದು, ಕೊಡಲೇಬಾರದು" ಅಂತ ಬರೆದ. ಮುಂದಿನ ವಾರ ಬೇಕಂತಲೇ ತಿರುಗಿಸಿ, "ಕೊಡಬೇಕು ಅಂತ ಕೆಲವರು ಹೇಳುತ್ತಾರೆ" ಅಂತ ಕೊಟ್ಟೆ. "ಹೌದು, ಕೊಡಲೇಬೇಕು" ಅಂತ ಬರೆದ.

"ಲೇ, ಹೋದ ವಾರ ಬ್ಯಾಡ ಅಂದಿದ್ದಲ್ಲೋ!"

"ಅವರೂ ಹಿರೇರು, ಇವರೂ ಹಿರೇರು. ದೊಡ್ಡೋರ ಮಾತಿಗೆ ಎದುರಾಡಾಕೆ ಆಗ್ತದಾ ಸಾರ್?"

೨. ಪಂಚಾಯ್ತಿ

ಆಡಿಯೊ ಕೇಳಿ ಉತ್ತರ ಬರೆಯೋ ಅಭ್ಯಾಸ. ಅದರಲ್ಲಿ ಯಾರೋ ಬಿಳಿ ಗಂಡ ಹೆಂಡ್ತಿ, ರಜಕ್ಕೆ ಬೆಟ್ಟಕ್ಕೆ ಹೋಗೋದೋ ಸಮುದ್ರಕ್ಕೋ ಅಂತ ವಾದ ಮಾಡುತ್ತಿದ್ದರು. ಮುಗಿದಮೇಲೆ ನೋಡಿದರೆ ಒಬ್ಬರೂ ಪೆನ್ನು ಮುಟ್ಟಿಲ್ಲ.

"ಉತ್ತರ ಎಲ್ರೀ?"

"ಅದಿರ್ಲಿ ಸಾರ್, ಮೊದ್ಲು ನ್ಯಾಯ ಆಗ್ಲಿ. ಆಯಮ್ಮ ಹೇಳಿದ್ದೇ ಸರಿ ಐತೆ" ಅಂದರು ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿ. ಅಷ್ಟೇ, ಕ್ಲಾಸು ಎರಡು ಪಾರ್ಟಿ ಆಯ್ತು. ಬಾಯಿ ಬಿಡದೆ ಕುಂತಿದ್ದವಳು ನರ್ಸಮ್ಮ ಒಬ್ಬಳೇ.

೩. ಮೊಣಕಾಲು

ಪರೀಕ್ಷೆ ಹತ್ತಿರ ಬಂತು. ನರ್ಸಮ್ಮ ಏನು ಕೇಳಿದರೂ ತಲೆ ಆಡಿಸುತ್ತಾಳೆ, ಮಾತಿಲ್ಲ. ನನಗೆ ರೇಗಿಹೋಯ್ತು. "ಏನಮ್ಮ ತಾಯಿ, ಬಾಯಿಗೆ ಬೀಗ ಹಾಕ್ಯಂಡಿದೀಯಾ?"

"ದೊಡ್ಡೋರ ಮುಂದೆ ಹೆಂಗೆ ಮಾತಾಡ್ಲಿ ಸಾರ್?"

"ಆಸ್ಪತ್ರೆಲಿ ರೋಗಿಗಳ ಮುಂದೆ?"

"ಅಲ್ಲಿ ನಂದೇ ಜೋರು ಸಾರ್."

"ಹಂಗಾದ್ರೆ ಪರೀಕ್ಷಕರನ್ನೇ ರೋಗಿ ಅಂದ್ಕ, ಹೋಗು!"

ನನ್ನ ನಾಲಿಗೆ ಸುಡ. ಪರೀಕ್ಷೆ ದಿನ ನಾನೂ ಜೊತೆಗೆ ಹೋಗಿದ್ದೆ. ಹೊರಗೆ ಬಂದವಳ ಮುಖ ಸಪ್ಪಗಿತ್ತು. "ಎಲ್ಲಾ ಹಾಳಾಯ್ತು ಸಾರ್. ಅವರಿಗೆ ಬೈದುಬಿಟ್ಟೆ!"

ಆಗಿದ್ದು ಇಷ್ಟು. ಪರೀಕ್ಷಕರು "ಅಮ್ಮಾ" ಅಂತ ಮೊಣಕಾಲು ಹಿಡಿದು ಕುಂತರಂತೆ. ಇವಳು ಶುರು ಹಚ್ಚಿದಳು, ಎಲ್ಲಾ ಇಂಗ್ಲಿಷಿನಲ್ಲೇ. ಎಷ್ಟು ದಿನದಿಂದ ನೋವು, ಶುಗರ್ ಐತಾ, ನಡೀತೀರಾ ಇಲ್ವಾ? ನಡೆಯಲ್ಲ ಅಂದದ್ದಕ್ಕೆ ಒಂದು ಬೈಗುಳ, ದಿನಾ ಬಿಸಿನೀರಿನ ಶಾಖ ಕೊಡಿ ಅಂತ ಒಂದು ಆರ್ಡರ್. ಪಾಪ, ಆ ಮನುಷ್ಯ ಹೆಂಗೋ ಸಂದು ನೋಡಿ, "ನಿಮ್ಮೂರ ಕಡೆಯ ಒಂದು ಜಾಗ ವರ್ಣಿಸಿ" ಅಂದರಂತೆ. ಇವಳು ಚಂದ್ರವಳ್ಳಿಯ ಗುಹೆ, ಕೆರೆ, ಬಂಡೆ ಎಲ್ಲಾ ವರ್ಣಿಸಿ, "ಆದ್ರೆ ಈ ಕಾಲಿಟ್ಟುಕೊಂಡು ನೀವು ಅಲ್ಲಿಗೆ ಕಾಲಿಡಕೂಡದು" ಅಂತ ಕಟ್ಟಪ್ಪಣೆ ಮಾಡಿದಳಂತೆ.

ಅಷ್ಟರಲ್ಲಿ ಬಾಗಿಲು ತೆಗೆದು ಪರೀಕ್ಷಕರೇ ಕುಂಟುತ್ತಾ ಬಂದರು. ದೂರು ಹೇಳೋಕೆ ಬಂದರು, ಮುಗೀತು ಕಥೆ ಅಂದುಕೊಂಡೆ. ಅವರು ಕೈ ಕಟ್ಟಿಕೊಂಡು ಕೇಳಿದರು, "ಸಿಸ್ಟರ್, ಬಿಸಿನೀರಿನ ಶಾಖ ಊಟಕ್ಕೆ ಮೊದಲೋ, ಆಮೇಲೋ?"

ಫಲಿತಾಂಶ ಬಂತು. ಬೇಕಾಗಿದ್ದಕ್ಕಿಂತ ಜಾಸ್ತಿ ಅಂಕ! ನರ್ಸಮ್ಮ ಪೇಡ ಹಂಚುತ್ತಾ ಅತ್ತೇಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯ್ತು, ಸುಳ್ಳು ಯಾಕೆ ಹೇಳಲಿ. ಎಲ್ಲಾ ನನ್ನ ಪಾಠದ ಮಹಿಮೆ ಅಂತ ಎದೆ ಸೆಟೆಸಿಕೊಂಡು ನಿಂತೆ.

ವೆಲ್ಡರ್ ಪೇಡ ನುಂಗಿ, ಮೆಲ್ಲಗೆ ಹತ್ತಿರ ಬಂದ. "ಸಾರ್, ಮುಂದಿನ ವಾರ ನಂದು ಪರೀಕ್ಷೆ. ನಂಗೆ ಬರೋ ಪರೀಕ್ಷಕರಿಗೆ ಏನು ಕಾಯಿಲೆ ಐತೆ, ಒಸಿ ವಿಚಾರಿಸ್ರಿ."