ಹನ್ನೊಂದನೇ ಟೇಬಲ್ಲಿನ ವಿಳಾಸ

ನಮ್ಮ ಸೋದರಮಾವನಿಗೆ ಮರೆವೇ ಇಲ್ಲವೆಂದು ಮನೆಯವರೆಲ್ಲ ಹೊಗಳುತ್ತಾರೆ. ನನ್ನ ಆಕ್ಷೇಪಣೆ ಇದೆ! ಸ್ವಂತ ಅಕ್ಕನ ಮಗಳಾದ ನನ್ನ ಹೆಸರೇ ಗೊತ್ತಿಲ್ಲದವರಿಗೆ ಇದೆಂಥ ನೆನಪಿನ ಶಕ್ತಿ? ಸೂರತ್ತಿನಲ್ಲಿ ಅಜ್ಜನ ಉಡುಪಿ ಹೋಟೆಲ್ ಇದ್ದಾಗ ನಾನು ಶಾಲೆ ಬಿಟ್ಟು ಬಂದು ಹನ್ನೊಂದನೇ ಟೇಬಲ್ಲಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದೆ. ಗಿರಾಕಿಗಳನ್ನೆಲ್ಲ ಟೇಬಲ್ ನಂಬರಿನಿಂದಲೇ ಕರೆಯುತ್ತಿದ್ದ ಮಾವನಿಗೆ ಅಂದಿನಿಂದ ನಾನು ‘ಹನ್ನೊಂದು’. ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದಾಗಲೂ ಫೋನಿನಲ್ಲಿ, “ಎಂತ ಹನ್ನೊಂದು, ಗೆದ್ದಿಯಂತೆ?”

ಅಜ್ಜ ಹೋದರು, ಹೋಟೆಲ್ ಮುಚ್ಚಿತು, ಮಾವ ಸೂರತ್ತಿನದೇ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳತೊಡಗಿದರು. ಚಾಳಿ ಬಿಟ್ಟೀತೆ? ಪ್ರತಿ ಕಂಪ್ಯೂಟರಿನ ವಿಳಾಸದ ಕೊನೆಯ ನಂಬರ್ ಬಾಯಿಪಾಠ. ಒಮ್ಮೆ ಸಿಟಿ ಬಸ್ಸಿನಲ್ಲಿ ನಿಂತು ಫೋನಿಗೆ ಹಿಂದಿಯಲ್ಲಿ, ಮೂವತ್ತಮೂರು ಸತ್ತುಹೋಯಿತು, ಹದಿನಾಲ್ಕು ಈಗಲೋ ಆಗಲೋ ಎಂದರಂತೆ. ಪಕ್ಕದವರು ಕೈಮುಗಿದು ಸೀಟು ಬಿಟ್ಟುಕೊಟ್ಟರು. ಮಾವ ಕೂತರು!

ಈ ವರ್ಷ ಮಿಲ್ಲಿನವರು ಹೊಸ ಬಗೆಯ ವಿಳಾಸಕ್ಕೆ, ಅಂದರೆ ಐಪಿವಿ6ಗೆ, ಬದಲಾಗಲು ಹೊರಟರು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮೂರು ದಿನದ ತರಬೇತಿ. ಪಾಸಾದರೆ ನೆಟ್‌ವರ್ಕ್ ಮಾವನದೇ. ಫೇಲಾದರೆ ಅದು ಹೊರಗಿನವರಿಗೆ, ಮಾವ ಗೋದಾಮಿಗೆ, ಬಣ್ಣದ ಡ್ರಮ್ಮು ಎಣಿಸಲು. ನನ್ನ ಆಫೀಸೂ ನನ್ನನ್ನು ಅಲ್ಲಿಗೇ ಕಳಿಸಿತ್ತು. ಪಕ್ಕದಲ್ಲೇ ಕೂತೆ.

ಹೊಸ ವಿಳಾಸ ಪರದೆಯ ಮೇಲೆ ಮೂಡಿತು. ಮಾವ ಕನ್ನಡಕ ಒರೆಸಿಕೊಂಡರು.

“ಇದೆಂತ ನಂಬರ್ ಮಾರಾಯ್ತಿ? ನಡುನಡುವೆ ಎ ಬಿ ಸಿ ಡಿ ಉಂಟು. ಒಂದನೇ ಕ್ಲಾಸಿನ ಸ್ಲೇಟಾ?”

ಇದನ್ನು ಕಂಪ್ಯೂಟರ್ ತಾನೇ ರಚಿಸಿಕೊಳ್ಳುತ್ತದೆ ಎಂದೆ. ಅದು ಇನ್ನೂ ದೊಡ್ಡ ಅವಮಾನ.

“ಗಿರಾಕಿಯೇ ಟೇಬಲ್ಲಿಗೆ ನಂಬರ್ ಬರೆದುಕೊಂಡು ಕೂರುವುದಾ?”

ಆ ವ್ಯವಸ್ಥೆಯನ್ನೇ ಬಂದ್ ಮಾಡಿ, ಎರಡನೇ ದಿನ ಪೂರ್ತಿ, ಅಭ್ಯಾಸಕ್ಕೆಂದು ಕೊಟ್ಟಿದ್ದ ಹನ್ನೆರಡು ಕಂಪ್ಯೂಟರಿಗೂ ಕೈಯಾರೆ ವಿಳಾಸ ಬರೆದರು. ಎಲ್ಲೋ ಒಂದಕ್ಷರ ತಪ್ಪಿತು, ಒಂದು ಕಂಪ್ಯೂಟರ್ ಮೌನವ್ರತ ಹಿಡಿಯಿತು. ಹುಡುಕುವುದರಲ್ಲಿ ಸಂಜೆಯ ಚಹಾ ತಣ್ಣಗಾಯಿತು.

ಮೂರನೇ ದಿನ ಪರೀಕ್ಷೆ. ಕಲಿಸುವಾಕೆ ವಡೋದರಾದವರು, ಮೆತ್ತಗೆ ಹೇಳಿದರು: ಕಾಕಾ, ಈ ವಿಳಾಸ ನೆನಪಿಡಲಿಕ್ಕಲ್ಲ. ಅದನ್ನು ಕಂಪ್ಯೂಟರಿಗೇ ಬಿಡಿ. ನೀವು ಒಂದೊಂದಕ್ಕೂ ಹೆಸರಿಡಿ ಸಾಕು.

“ಹೆಸರಾ?” ಮಾವನ ಮುಖ ಬಾಡಿತು.

ಮುಗಿಯಿತು ಅಂದುಕೊಂಡೆ. ಇವರ ಬಾಯಲ್ಲಿ ಹೆಸರು? ಅದೂ ಹನ್ನೆರಡು? ಊರಿಗೆ ಮರಳುವಾಗ ಹೇಳಬೇಕಾದ ಸಮಾಧಾನವನ್ನು ಅಂಶವಾರು ಸಿದ್ಧಮಾಡತೊಡಗಿದೆ.

ಮಾವ ಒಂದು ಗಳಿಗೆ ಕಣ್ಮುಚ್ಚಿ, ಟೈಪ್ ಮಾಡತೊಡಗಿದರು. ಒಂದನೆಯದು ಬಾಬುಭಾಯಿ, ಬಾಗಿಲ ಪಕ್ಕ ಕೂತು ದಿನಾ ಅರ್ಧ ಕಾಫಿ ಕುಡಿಯುತ್ತಿದ್ದ ಮುದುಕರು. ಎರಡನೆಯದು ಜಯಂತಿಭಾಯಿ, ವಜ್ರ ಉಜ್ಜುತ್ತಿದ್ದವರು, ಸಾಂಬಾರಿಗೆ ಸಕ್ಕರೆ ಕೇಳುತ್ತಿದ್ದವರು. ಮೂರು, ನಾಲ್ಕು, ಐದು... ಅಜ್ಜನ ಹೋಟೆಲಿನ ಗಿರಾಕಿಗಳೆಲ್ಲ ಟೇಬಲ್ ವರಸೆಯಲ್ಲಿ ಬೋಡಕ್‌ದೇವ್‌ಗೆ ಬಂದು ಕೂತರು! ಒಂದು ಕಡೆಯೂ ತಡವರಿಸಲಿಲ್ಲ.

ಹನ್ನೊಂದನೆಯ ಕಂಪ್ಯೂಟರಿಗೆ ನನ್ನ ಹೆಸರು ಬಂತು. ಮನೆಯಲ್ಲಿ ಕರೆಯುವುದಲ್ಲ, ತೊಟ್ಟಿಲಲ್ಲಿ ಅಜ್ಜ ಇಟ್ಟದ್ದು, ಅಜ್ಜ ಹೋದಮೇಲೆ ಯಾರೂ ಕರೆಯದೇ ಉಳಿದದ್ದು.

ಹನ್ನೆರಡೂ ಒಂದಕ್ಕೊಂದು ಉತ್ತರ ಕೊಟ್ಟವು. ಕಲಿಸುವಾಕೆ ‘ಪಾಸ್’ ಎಂದು ಬರೆದುಕೊಂಡರು. ಮಾವ ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು. ಈ ಸಲ ಬಹಳ ಹೊತ್ತು.

ನನ್ನ ಆಕ್ಷೇಪಣೆ ವಾಪಸ್ ಪಡೆದೆ. ಪ್ರಶ್ನೆ ಮಾತ್ರ ಉಳಿಯಿತು.

“ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಕರೆಯಲಿಲ್ಲ, ಮಾವ?”

“ಅದು ಅಪ್ಪ ಕರೆಯುತ್ತಿದ್ದ ಹೆಸರಲ್ಲವಾ ಹನ್ನೊಂದು, ನನಗೆ ಟೇಬಲ್ ನಂಬರೇ ಸಾಕು.”